112 ರೂಪಾಯಿ 68 ಪೈಸೆಯ ತತ್ತಿ

ಇವತ್ತು ಬೆಳಿಗ್ಗೆ ಆರೂವರೆಗೆ ಕೋಳಿ ಗೂಡಿನ ಬಾಗಿಲು ತೆಗೆದು ಒಳಗೆ ಕೈಯಾಡಿಸಿದೆ. ಒಣಹುಲ್ಲು, ಒಂದಿಷ್ಟು ಪುಕ್ಕ, ಜೊತೆಗೆ ಹೆಸರು ಹೇಳಬೇಕಾಗಿಲ್ಲದ ಇನ್ನೊಂದು ವಸ್ತು ಕೈಗೆ ಹತ್ತಿತು. ತತ್ತಿ ಇರಲಿಲ್ಲ. ಇದು ಸತತ ನಾಲ್ಕನೆಯ ದಿನ. ಕೈ ಒರೆಸಿಕೊಳ್ಳಲು ಚಿಂದಿ ಹುಡುಕುತ್ತಿರುವಾಗಲೇ ಕಂಪೌಂಡಿನ ಆಚೆಯಿಂದ ಪ್ರಶ್ನೆ ಬಂತು.

“ಎಷ್ಟು, ತಮ್ಮಾ?”

“ಇಲ್ಲ ಸರ್.”

“ಸೊನ್ನೆ ಅನ್ನು. ‘ಇಲ್ಲ’ ಎಂಬುದು ಸಂಖ್ಯೆಯಲ್ಲ.”

ಇವರು ನಮ್ಮ ಪಕ್ಕದ ಜಾಗದ ಮಾಸ್ತರರು. 34 ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಶಾಲೆ ಅವರನ್ನು ಬಿಟ್ಟುಕೊಟ್ಟಿತು, ಗಣಿತ ಮಾತ್ರ ಇನ್ನೂ ಬಿಟ್ಟಿಲ್ಲ. ತತ್ತಿಯನ್ನು ಅವರು ಹುಟ್ಟಿದಾರಭ್ಯ ಬಾಯಿಗೆ ಹಾಕಿದವರಲ್ಲ. ತಾವು ಮುಟ್ಟದ ವಸ್ತುವಿನ ಬೆಲೆಯ ಬಗ್ಗೆ ಮನುಷ್ಯನೊಬ್ಬನಿಗೆ ಇಷ್ಟು ಕಾಳಜಿ ಇರಬಹುದೆಂದು ಗದ್ದನಕೇರಿ ಕಡೆಯ ಈ ಹನ್ನೆರಡು ಗುಂಟೆ ಜಾಗಕ್ಕೆ ಬರುವ ತನಕ ನನಗೆ ಗೊತ್ತಿರಲಿಲ್ಲ.

ಅವರ ಬನಿಯನ್ನಿನ ಕಿಸೆಯಲ್ಲಿ ಸದಾ ಒಂದು ಸುಣ್ಣದ ಕಡ್ಡಿಯ ತುಂಡು ಇರುತ್ತದೆ. ನಮ್ಮಿಬ್ಬರ ಗೇಟುಗಳ ನಡುವೆ, ರಸ್ತೆಗೆ ಮುಖ ಮಾಡಿ ನಿಂತ ಒಂದು ಕರಿಕಲ್ಲಿನ ಚಪ್ಪಡಿ ಇದೆ. ಕೋಳಿ ಸಾಕಲು ಶುರುಮಾಡಿದ ಎರಡನೆಯ ತಿಂಗಳು ಮಾಸ್ತರರು ಆ ಚಪ್ಪಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ದುಂಡಗಿನ ಅಕ್ಷರದಲ್ಲಿ “ತತ್ತಿ 1 =” ಎಂದು ಬರೆದು, ಮುಂದೆ ಅಂಕಿ ಹಾಕಿದರು. ಅಂದಿನಿಂದ ಪೆಟ್ರೋಲ್ ಬಂಕಿನ ದರಪಟ್ಟಿಯ ಹಾಗೆ ಅದು ದಿನವೂ ಬದಲಾಗುತ್ತದೆ. ಮಳೆ ಬಂದಾದರೂ ಒರೆಸೀತು ಎಂದರೆ, ಬಾಗಲಕೋಟೆಯಲ್ಲಿ ಆ ಧೈರ್ಯವೂ ಇಲ್ಲ.

ಲೆಕ್ಕ ಬಹಳ ಸರಳ, ಅದೇ ಅದರ ಕ್ರೌರ್ಯ. ವೆಲ್ಡಿಂಗ್ ಅಂಗಡಿಯವನು ಮಾಡಿಕೊಟ್ಟ ಜಾಳಿಗೆಯ ಗೂಡು 14,500. ಆರು ಜವಾರಿ ಹೇಂಟೆ, ತಲಾ 450ರಂತೆ 2,700. ಆರು ಗಿರಿರಾಜ ಮರಿ, ತಲಾ 60ರಂತೆ 360. ಎಂಟು ತಿಂಗಳ ಜೋಳ, ಮೆಕ್ಕೆಜೋಳದ ನುಚ್ಚು, ತೌಡು ಸೇರಿ 6,000. ಔಷಧೋಪಚಾರ 440. ಒಟ್ಟು 24,000. ಬಂದ ತತ್ತಿ 213. ಭಾಗಿಸಿದರೆ ಒಂದು ತತ್ತಿಗೆ 112 ರೂಪಾಯಿ 68 ಪೈಸೆ. ಗೂಡು ಹತ್ತು ವರ್ಷ ಬಾಳುತ್ತದೆ, ಅದನ್ನು ಪೂರ್ತಿ ಈ ವರ್ಷದ ತಲೆಗೇ ಕಟ್ಟುವುದು ನ್ಯಾಯವೇ ಎಂದು ಒಮ್ಮೆ ವಾದಿಸಿದೆ. “ಗೂಡು ಬಾಳುತ್ತದೆ. ನಿನ್ನ ಉತ್ಸಾಹ ಎಷ್ಟು ವರ್ಷ ಬಾಳುತ್ತದೆ ಹೇಳು, ಅಷ್ಟರಿಂದ ಭಾಗಿಸೋಣ” ಎಂದರು.

ಉತ್ಸಾಹ ಹುಟ್ಟಿದ್ದು ಅಮೀನಗಡದಲ್ಲಿ. ಕರದಂಟು ತರಲೆಂದು ಹೋದವನು ಸಂತೆಯಲ್ಲಿ ಒಂದು ಸುತ್ತು ಹಾಕಿ, ಕಾಲು ಕಟ್ಟಿದ ಆರು ಕೋಳಿಗಳೊಂದಿಗೆ ಮನೆಗೆ ಬಂದೆ. ಹೆಂಡತಿ ಚೀಲದೊಳಗೆ ಇಣುಕಿ ನೋಡಿ, “ಇದರಲ್ಲಿ ಗೋಡಂಬಿ ಎಲ್ಲಿದೆ ರೀ?” ಎಂದಳು. ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಜವಾರಿ ಕೋಳಿ ವರ್ಷಕ್ಕೆ ಅರವತ್ತು ಎಪ್ಪತ್ತು ತತ್ತಿ ಇಟ್ಟರೆ ಹೆಚ್ಚು, ಹೆಬ್ಬಾಳದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಅದರ ಇಮ್ಮಡಿ ಇಡುತ್ತದೆ ಎಂದು ಯಾರೋ ಹೇಳಿದ ಮಾತು ಕೇಳಿ ಆರು ಮರಿಗಳನ್ನೂ ತಂದೆ. ಮಾರಿದವನು “ಆರೂ ಹೇಂಟೆ, ನನ್ನ ಮಾತು ನಂಬಿ” ಎಂದಿದ್ದ. ಅವನ ಮಾತಿನಲ್ಲಿ ನಾಲ್ಕು ಪಾಲು ನಸುಕಿನ ಮೂರೂವರೆಗೆ ಕೂಗಲು ಶುರುಮಾಡಿತು. ಮೂರು ಹುಂಜಗಳನ್ನು ಪರಿಚಯದವರಿಗೆ ಕೊಟ್ಟೆ. ಅಲ್ಲಿ ಅವು ಸುಖವಾಗಿವೆಯೇ ಎಂದು ಅವ್ವ ಆಗಾಗ ಕೇಳುತ್ತಿರುತ್ತಾಳೆ. ನಾನು ಮಾತು ಬದಲಿಸುತ್ತೇನೆ.

ಔಷಧದ 440ರ ಬಗ್ಗೆಯೂ ಹೇಳಲೇಬೇಕು. ಕೊಕ್ಕರೆ ರೋಗ ಬಂದರೆ ಗೂಡಿಗೆ ಗೂಡೇ ಖಾಲಿಯಾಗುತ್ತದೆ. ಆದ್ದರಿಂದ ಏಳನೆಯ ದಿನ ಮರಿಯ ಕಣ್ಣಿಗೆ ಒಂದು ಹನಿ ಲಸೋಟಾ ಲಸಿಕೆ ಬಿಡಬೇಕು. ಮರಿ ಆರು, ಬೇಕಾದದ್ದು ಆರು ಹನಿ. ಅಂಗಡಿಯಲ್ಲಿ ಸಿಗುವ ಅತಿ ಚಿಕ್ಕ ಸೀಸೆ ನೂರು ಕೋಳಿಗಳಿಗೆ ಆಗುವಂಥದ್ದು. ಅದನ್ನು ಮಂಜುಗಡ್ಡೆ ತುಂಬಿದ ಥರ್ಮಾಸಿನಲ್ಲಿ ಮನೆಗೆ ತರಬೇಕು, ಕಲಸಿದ ಮೇಲೆ ಒಂದೆರಡು ತಾಸಿನೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಆ ಎರಡು ತಾಸಿನಲ್ಲಿ 94 ಕೋಳಿಮರಿಗಳನ್ನು ಎಲ್ಲಿಂದ ತರುವುದು? ಬೈಕ್ ಹತ್ತಿ ಓಣಿ ಓಣಿ ತಿರುಗಿ, “ನಿಮ್ಮಲ್ಲಿ ಮರಿ ಇವೆಯೇ, ಪುಕ್ಕಟೆ ಕಣ್ಣಿಗೆ ಹನಿ ಹಾಕುತ್ತೇನೆ” ಎಂದು ಕೇಳಿದೆ. ಜನ ಬಾಗಿಲು ಹಾಕಿಕೊಂಡರು. ಮಾಸ್ತರರು ಮಾತ್ರ ಕಂಪೌಂಡಿನ ಮೇಲಿಂದ ಕತ್ತು ಚಾಚಿ, ಗಾಳಿಯಲ್ಲಿ ಬೆರಳಾಡಿಸಿ, “ಹನಿಯೊಂದಕ್ಕೆ 73 ರೂಪಾಯಿ 33 ಪೈಸೆ. ಕಣ್ಣು ಮಿಟುಕಿಸಿ ಚೆಲ್ಲದಿರಲಿ” ಎಂದರು.

ಇನ್ನು ಈ ಮೇ ತಿಂಗಳು. ಬಿಸಿಲು ನಲವತ್ತು ದಾಟಿದ ಮೇಲೆ ಕೋಳಿಗಳು ಕೊಕ್ಕು ತೆರೆದು, ರೆಕ್ಕೆ ಜೋತುಬಿಟ್ಟು, ಏದುಸಿರು ಬಿಡುತ್ತಾ ನಿಲ್ಲುತ್ತವೆ. ಅವಕ್ಕೆ ಬೆವರುವ ಭಾಗ್ಯವಿಲ್ಲ. ಗೂಡಿಗೆ ಒದ್ದೆ ಗೋಣಿಚೀಲ ಹೊದಿಸುತ್ತೇನೆ, ತಾಸಿಗೊಮ್ಮೆ ನೀರು ಬದಲಿಸುತ್ತೇನೆ. ನನಗೇ ಯಾರೂ ಇಷ್ಟು ಉಪಚಾರ ಮಾಡಿಲ್ಲ. ಇಂಥ ಧಗೆಯಲ್ಲೂ ಎರಡು ಜವಾರಿ ಹೇಂಟೆಗಳು ಒಟ್ಟಿಗೇ ಕಾವಿಗೆ ಕುಳಿತಿವೆ, ಅದೂ ಬರಿ ನೆಲದ ಮೇಲೆ. ಕೆಳಗೆ ತತ್ತಿ ಇಲ್ಲ, ಕಲ್ಲೂ ಇಲ್ಲ. ಎತ್ತಲು ಹೋದರೆ ಕುಟುಕುತ್ತವೆ, ತಣ್ಣೀರು ಚಿಮುಕಿಸಿದರೆ ಮೈ ಕೊಡವಿ ಮತ್ತೆ ಅಲ್ಲೇ ಕೂರುತ್ತವೆ. 21 ದಿನ ಕೂತರೂ ಏನೂ ಹೊರಬರುವುದಿಲ್ಲ ಎಂದು ಅವಕ್ಕೆ ತಿಳಿಸಿ ಹೇಳುವವರು ಯಾರು? ಗಿರಿರಾಜಗಳಿಗೆ ಕಾವಿಗೆ ಕೂರುವ ಹುಚ್ಚು ಇಲ್ಲ. ಆದರೆ ಈ ಬಿಸಿಲಿಗೆ ಅವು ತತ್ತಿಯನ್ನೂ ಬಿಟ್ಟಿವೆ. ಒಂದನ್ನು ಮುಂಗುಸಿ ಒಯ್ದ ಮೇಲೆ ಉಳಿದ ಐದು ಜವಾರಿಗಳಲ್ಲಿ ನಿಯತ್ತಿನವಳೆಂದರೆ ಬೂದವ್ವ ಒಬ್ಬಳೇ. ಬೂದಿ ಬಣ್ಣದವಳು, ಅವ್ವ ಇಟ್ಟ ಹೆಸರು. ಅವಳೂ ನಾಲ್ಕು ದಿನದಿಂದ ಖಾಲಿ. ತತ್ತಿ ನಿಂತರೂ ಕಾಳು ನಿಲ್ಲುವುದಿಲ್ಲವಾದ್ದರಿಂದ ಚಪ್ಪಡಿಯ ಅಂಕಿ ಏರುತ್ತಲೇ ಇತ್ತು. ಇವತ್ತು ನನ್ನ ಕಣ್ಣೆದುರೇ 112.68 ಬರೆದು, ಎರಡು ಹೆಜ್ಜೆ ಹಿಂದೆ ಸರಿದು, ಅಕ್ಷರ ಸೊಟ್ಟಗಾಗಿಲ್ಲವಷ್ಟೇ ಎಂದು ನೋಡಿ, ಹಲ್ಲುಜ್ಜಲು ಹೋದರು.

ಅವರು ಹೋಗಿ ಹತ್ತು ನಿಮಿಷವಾಗಿರಲಿಲ್ಲ, ಒಬ್ಬ ಬೈಕ್ ನಿಲ್ಲಿಸಿದ. ಚಪ್ಪಡಿಯನ್ನು ಎರಡು ಸಲ ಓದಿದ. ಹೆಲ್ಮೆಟ್ ತೆಗೆದು ಮತ್ತೊಮ್ಮೆ ಓದಿದ.

“ಸರ್, ಇದು ಕಡಕನಾಥ ಕೋಳಿಯ ತತ್ತಿಯೇ?”

“ಅಲ್ಲರೀ, ಜವಾರಿ.”

“ಹೇಳಬಾರದೆಂದಿದ್ದರೆ ಬೇಡ ಬಿಡಿ. ನಮ್ಮ ಮಾವನವರಿಗೆ ಮೊಣಕಾಲು ನೋವು. ಕಡಕನಾಥ ತತ್ತಿ ಕೊಡಿ ಎಂದು ಎಲ್ಲರೂ ಹೇಳುತ್ತಿದ್ದಾರೆ.”

ಕಡಕನಾಥ ಮಧ್ಯಪ್ರದೇಶದ ಝಾಬುವಾ ಕಡೆಯದು, 2018ರಲ್ಲಿ ಅದರ ಮಾಂಸಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ, ನಮ್ಮ ಹಿತ್ತಲಿಗೂ ಅದಕ್ಕೂ ಸಂಬಂಧವಿಲ್ಲ ಎಂದೆ. ನಂಬಿಕೆ ಬರಲಿ ಎಂದು ಒಳಗಿನಿಂದ ಹಳೆಯ ತತ್ತಿಯೊಂದನ್ನು ತಂದು ತೋರಿಸಿದೆ. “ನೋಡಿ, ಬೆಳ್ಳಗಿದೆ.” ಅವನು ತಜ್ಞನಂತೆ ತಲೆಯಾಡಿಸಿದ. “ಕಡಕನಾಥನ ಮಾಂಸ, ಮೂಳೆ ಮಾತ್ರ ಕಪ್ಪು ಸರ್, ತತ್ತಿ ಕಪ್ಪಿರುವುದಿಲ್ಲ. ನನಗೂ ಗೊತ್ತು.” ನನ್ನ ಸಾಕ್ಷಿಯೇ ನನಗೆ ತಿರುಗಿಬಿತ್ತು. ಆಮೇಲೆ ಅವನು ದನಿ ತಗ್ಗಿಸಿದ. “ಆ 68 ಪೈಸೆ ಬಿಡುತ್ತೀರಾ?”

ನಾನು ಮಾರುವುದಿಲ್ಲ ಎಂದೆ. ಆ ಮಾತು ಆಡಬಾರದಿತ್ತು. ಮಾರದ ತತ್ತಿಯ ಬಗ್ಗೆ ಅವನಿಗೆ ಗೌರವ ಇನ್ನೂ ಹೆಚ್ಚಾಯಿತು. ಮುಂಗಡ ಕೊಡಬೇಕೇ, ಎಷ್ಟು ಮಂದಿ ಸರದಿಯಲ್ಲಿದ್ದಾರೆ ಎಂದು ವಿಚಾರಿಸಿದ. ಸಂಜೆ ಮತ್ತೆ ಬರುತ್ತೇನೆ ಎಂದು ಹೋದ. ಅಡುಗೆಮನೆಯ ಕಿಟಕಿಯಿಂದ ಹೆಂಡತಿ, “ಒಂದು ಡಜನ್ ಮಾರಿಬಿಟ್ಟರೆ ನನ್ನ ಕರದಂಟಿನ ಲೆಕ್ಕ ಚುಕ್ತಾ ಆಗುತ್ತಿತ್ತು” ಎಂದಳು.

ನಿಜ ಹೇಳಬೇಕೆಂದರೆ ನನಗೆ ತತ್ತಿಯ ಆಸೆ ಅಷ್ಟಿಲ್ಲ. ನಮ್ಮ ಮನೆಯಲ್ಲಿ ಇವತ್ತಿಗೂ ತತ್ತಿಗೆ ಅಂಗಳದಲ್ಲೇ ಬೇರೆ ಒಲೆ, ಬೇರೆ ಬುಟ್ಟಿ. ಚಿಕ್ಕಂದಿನಲ್ಲಿ, ಹಳೆ ಬಾಗಲಕೋಟೆಯ ಓಣಿಯಲ್ಲಿ, ಎದುರು ಮನೆಯ ಆಯಿ ಕೋಳಿ ಸಾಕಿದ್ದಳು. ಅವು ಇಡೀ ಓಣಿಗೆ ಸೇರಿದವು. ನಮ್ಮ ಕಟ್ಟಿಗೆ ಒಟ್ಟಿದ ಮೂಲೆಯಲ್ಲೂ ತತ್ತಿ ಇಡುತ್ತಿದ್ದವು. ಅವ್ವ ಅದನ್ನು ಮುಟ್ಟದೆ, “ಆಯೀ, ನಿನ್ನ ಗಂಟು ಇಲ್ಲಿದೆ” ಎಂದು ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ತೆಗೆದುಕೊಂಡು ಬರುವ ಕೆಲಸ ನನ್ನದು. ಕೈಯಲ್ಲಿ ಆ ತತ್ತಿಯ ಬಿಸಿ, ಓಣಿ ದಾಟುವಷ್ಟು ಹೊತ್ತು. ಆಮೇಲೆ ಆಲಮಟ್ಟಿಯ ಹಿನ್ನೀರು ಬರುತ್ತದೆಂದಾಯಿತು. ಸರ್ವೆಯವರು ಬಂದು ಗೋಡೆಗಳ ಮೇಲೆ ನಂಬರು ಬರೆದರು. ಆಯಿ ನವನಗರದ ಒಂದು ಸೆಕ್ಟರಿಗೆ ಬುಟ್ಟಿಯಲ್ಲಿ ಕೋಳಿಗಳನ್ನು ಹೊತ್ತು ತಂದಳು. ಮೊದಲ ಸಂಜೆ ಬುಟ್ಟಿ ತೆರೆದಾಗ ಅವು ನೆಟ್ಟಗಿನ, ಅಗಲವಾದ ರಸ್ತೆಯ ನಡುವೆ ನಿಂತು, ಯಾವ ಕಡೆ ಹೋಗಬೇಕೆಂದು ತಿಳಿಯದೆ ಕತ್ತು ಎತ್ತಿ ಎತ್ತಿ ನೋಡಿದವು. ಆಯಿ ಕತ್ತಲಾಗುವ ತನಕ ಬಾ ಬಾ ಎಂದು ಕರೆಯುತ್ತಲೇ ಇದ್ದಳು. ಬೇಸಿಗೆಯಲ್ಲಿ ಘಟಪ್ರಭೆಯ ಹಿನ್ನೀರು ಇಳಿದಾಗ ನಾನು ಆ ಕಡೆ ಹೋದರೆ ನಮ್ಮ ಓಣಿ ಇದ್ದ ದಿಕ್ಕನ್ನು ಅಂದಾಜಿನ ಮೇಲೆ ನೋಡಿ ಬರುತ್ತೇನೆ.

ಇರಲಿ. ಹತ್ತು ಗಂಟೆಯ ಸುಮಾರಿಗೆ ಮಾಸ್ತರರು ನನ್ನನ್ನು ಕರೆದರು. ದನಿಯಲ್ಲಿ ಉತ್ತರಪತ್ರಿಕೆಯಲ್ಲಿ ನಕಲು ಹಿಡಿದವರ ಗಾಂಭೀರ್ಯವಿತ್ತು. ಅವರ ಪಡಸಾಲೆಯ ಮೂಲೆಯಲ್ಲಿ, ಕಣ್ಣಿನ ಆಪರೇಷನ್ ಆದ ಮೇಲೆ ಅವರು ಓಡಿಸುವುದನ್ನು ಬಿಟ್ಟ ಸ್ಕೂಟರ್ ತಾಡಪತ್ರಿ ಹೊದ್ದು ನಿಂತಿದೆ. ತಾಡಪತ್ರಿಯ ಅಂಚು ಎತ್ತಿದರು. ಕಾಲಿಡುವ ಜಾಗದಲ್ಲಿ ಅಂಗಾತ ಬಿದ್ದ ಹಳೆಯ ಹೆಲ್ಮೆಟ್. ಅದರೊಳಗೆ ಬೂದವ್ವ. ನನ್ನನ್ನು ನೋಡಿ, ಪರವೂರಿನ ಲಾಡ್ಜಿನಲ್ಲಿ ಊರಿನವರು ಎದುರಾದಂತೆ ಮುಖ ತಿರುಗಿಸಿದಳು. ಎತ್ತಿ ಪಕ್ಕಕ್ಕಿಟ್ಟೆವು. ಕೆಳಗೆ 14 ತತ್ತಿ.

ಅಂದರೆ ನನ್ನ ಜೋಳ ತಿಂದು, ನನ್ನ ನೀರು ಕುಡಿದು, ನನ್ನ ಒದ್ದೆ ಗೋಣಿಚೀಲದ ಕೆಳಗೆ ಮಲಗಿ, ನಮ್ಮ ಗೂಡಿನಲ್ಲಿ ಹಾಜರಿ ಹಾಕಲು ಒಂದೊಂದು ತತ್ತಿ ಇಟ್ಟು, ಉಳಿದ ದಿನಗಳಲ್ಲಿ ಇವಳು ಗೋಡೆ ಹಾರಿ ನನ್ನ ದರವನ್ನೇ ಏರಿಸುವವರ ಮನೆಯಲ್ಲಿ ಠೇವಣಿ ಇಡುತ್ತಿದ್ದಳು!

“213ಕ್ಕೆ 14 ಕೂಡಿಸಿದರೆ 227. ದರ 105 ರೂಪಾಯಿ 73 ಪೈಸೆಗೆ ಇಳಿಯಿತು. ಹೆಲ್ಮೆಟ್ಟಿನ ಬಾಡಿಗೆ ನಾನು ಹಿಡಿಯುವುದಿಲ್ಲ” ಎಂದರು ಮಾಸ್ತರರು. ನನಗೆ ನಿಜವಾಗಿಯೂ ಸಂತೋಷವಾಯಿತು, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಅವರಿಗೇ ಸಂಶಯ ಬಂತು. ಇವುಗಳಲ್ಲಿ ಎಷ್ಟು ಚಲಾವಣೆಗೆ ಯೋಗ್ಯ?

ಬಕೆಟ್ಟಿನಲ್ಲಿ ನೀರು ತರಿಸಿದರು. ತತ್ತಿ ಹಳೆಯದಾದಂತೆ ಒಳಗಿನ ಗಾಳಿಯ ಜಾಗ ದೊಡ್ಡದಾಗುತ್ತದೆ. ಹೊಸದು ತಳದಲ್ಲಿ ಅಡ್ಡ ಮಲಗುತ್ತದೆ, ಹಳೆಯದು ಎದ್ದು ನಿಲ್ಲುತ್ತದೆ, ಕೆಟ್ಟದ್ದು ತೇಲುತ್ತದೆ. ಐದು ಮಲಗಿದವು. ನಾಲ್ಕು ನಿಂತವು. ಐದು ತೇಲಿದವು. ತೇಲಿದ್ದನ್ನು ಬಿಟ್ಟುಕೊಡಲು ನಾನು ತಯಾರಿದ್ದೆ. ಜಗಳ ಬಂದದ್ದು ನಿಂತವುಗಳ ವಿಷಯದಲ್ಲಿ.

“ನಿಂತದ್ದನ್ನು ತಲಾ ಅರ್ಧ ಎಂದು ಹಿಡಿಯೋಣ” ಎಂದರು.

“ಸರ್, ತತ್ತಿ ಅರ್ಧ ಹೇಗಾಗುತ್ತದೆ? ಬೇಯಿಸಿ ತಿನ್ನಬಹುದಾದದ್ದು ಪೂರ್ತಿ ಒಂದೇ.”

“ನೀನು ತಿನ್ನುತ್ತೀಯಾ? ನನ್ನೆದುರಿಗೆ?”

ಕಾಲು ಗಂಟೆ ನಡೆಯಿತು. ಅವ್ವ ಈ ಕಡೆಯಿಂದ, “ಅವನಿಗೆ ಹೊಟ್ಟೆ ಕೆಟ್ಟರೆ ಆಸ್ಪತ್ರೆ ಖರ್ಚೂ ಕಲ್ಲಿನ ಮೇಲೆ ಬರುತ್ತದೆಯೇ ಮಾಸ್ತರ?” ಎಂದು ಕೇಳಿದ ಮೇಲೆ ಅವರು ಮೆತ್ತಗಾಗಿ, ಮಲಗಿದ್ದು ನಿಂತದ್ದು ಕೂಡಿ ಒಂಬತ್ತು ಎಂದು ಒಪ್ಪಿದರು. ಒಟ್ಟು 222, ದರ 108 ರೂಪಾಯಿ 11 ಪೈಸೆ. ತೀರ್ಪು ಮುಗಿದ ಸಮಾಧಾನದಲ್ಲಿ, ಕೆಟ್ಟ ತತ್ತಿ ಎಷ್ಟು ಹಗುರ ಎಂದು ತೋರಿಸಲು ಅವರು ತೇಲುತ್ತಿದ್ದ ಒಂದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿದರು.

ಟಪ್ ಎಂದಿತು.

ಮೇ ತಿಂಗಳಲ್ಲಿ ಹೆಲ್ಮೆಟ್ಟಿನೊಳಗೆ ಕೊಳೆತ ತತ್ತಿಯ ವಾಸನೆಯನ್ನು ಬಣ್ಣಿಸುವ ಶಬ್ದ ನನ್ನ ಬಳಿ ಇಲ್ಲ. ಸ್ಕೂಟರಿನ ಹಿಂದೆ ಅಡಗಿದ್ದ ಬೂದವ್ವಳೇ ಎದ್ದು ಓಡಿದಳು. ಕಿವಿ, ಕನ್ನಡಕ, ಬನಿಯನ್, ಕಿಸೆಯಲ್ಲಿದ್ದ ಸುಣ್ಣದ ಕಡ್ಡಿ ಎಲ್ಲವೂ ಹಸಿರು ಹಳದಿ. ಮಾಸ್ತರರು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಒಂದು ಕ್ಷಣ ಹಾಗೇ ನಿಂತರು. ಅಯ್ಯೋ ಸರ್ ಎನ್ನಲು ನಾನು ಬಾಯಿ ತೆರೆದೆ. ಅವರು ತೊಟ್ಟಿಕ್ಕುವ ಕೈಯನ್ನು ಎತ್ತಿ ತಡೆದರು.

“ಇದು ಆಗಲೇ ಕಳೆದ ಐದರಲ್ಲಿ ಸೇರಿದೆ. ಲೆಕ್ಕ ಬದಲಾಗುವುದಿಲ್ಲ.”

ಸ್ನಾನ ಮಾಡಿ, ಹೊಸ ಸುಣ್ಣದ ಕಡ್ಡಿ ಹುಡುಕಿ, ಮಧ್ಯಾಹ್ನದ ಹೊತ್ತಿಗೆ 108.11 ಎಂದು ಬರೆದೂ ಆಯಿತು. ಬೂದವ್ವನನ್ನು ಗೂಡಿನಲ್ಲಿ ಕೂಡಿಹಾಕಿದ್ದೇನೆ. ಒಳಗಿನಿಂದ ಬೈಯುತ್ತಿದ್ದಾಳೆ. ಹೆಲ್ಮೆಟ್ ತೊಳೆದು ಕೊಡುವ ಕೆಲಸ ನನಗೇ ಬಂದಿದೆ. ಅದನ್ನು ಮೂರನೆಯ ಸಲ ಸೋಪು ಹಚ್ಚಿ ತಿಕ್ಕುತ್ತಿರುವಾಗ ಗೇಟಿನ ಹೊರಗೆ ಬೈಕ್ ನಿಂತ ಸದ್ದಾಯಿತು. ಬೆಳಗಿನವನೇ. ಚಪ್ಪಡಿಯನ್ನು ಓದಿ, ಲೆಕ್ಕ ಹಾಕಿ, ಖುಷಿಯಿಂದ ಕೇಳಿದ:

“ಸರ್, ರೇಟು ಇಳಿಯುತ್ತಿದೆಯಲ್ಲ. ಇನ್ನೆರಡು ದಿನ ಕಾಯಲೇ?”