ಗೇಟು ಕೂಗಿತು, ನೀವು ಕಳ್ಳರಾದಿರಿ

ದೊಡ್ಡ ಅಂಗಡಿಗಳ ಬಿಲ್ಲಿಂಗ್ ಕೌಂಟರಿನ ನೆತ್ತಿಯ ಮೇಲೆ ಕೆಂಪು ಅಕ್ಷರದ ಒಂದು ಬೋರ್ಡು ತೂಗುತ್ತಿರುತ್ತದೆ: ಕಳ್ಳತನ ಮಾಡಿ ಸಿಕ್ಕಿಬಿದ್ದರೆ ಮಾಲಿನ ಬೆಲೆಯ ಹತ್ತು ಪಟ್ಟು ದಂಡ. ಮುಂಬಯಿಯಲ್ಲಿ ದಂಡ ಹಾಕುವ ಅಧಿಕಾರ ಯಾರ್‍ಯಾರಿಗಿದೆ ಎಂದು ಲೆಕ್ಕ ಹಾಕಿ. ನ್ಯಾಯಾಲಯಕ್ಕಿದೆ. ಲೋಕಲ್ ಗಾಡಿಯ ಟಿ.ಸಿ. ಕೂಡ ರಸೀದಿ ಹರಿಯಬಲ್ಲ, ಏಕೆಂದರೆ ಅವನ ಬೆನ್ನಿಗೆ ರೈಲ್ವೆ ಕಾಯ್ದೆ ಇದೆ. ಶಾಂಪೂ ಮಾರುವವನ ಬೆನ್ನಿಗಿರುವುದು ಬರೀ ಶಾಂಪೂ. ಆದರೂ ಬೋರ್ಡು ರಾಜಾಜ್ಞೆಯ ಗತ್ತಿನಲ್ಲಿ ತೂಗುತ್ತದೆ, ನಾವೂ ಅದರ ಕೆಳಗೆ ತಲೆ ತಗ್ಗಿಸಿ ಕ್ಯೂ ನಿಲ್ಲುತ್ತೇವೆ. ಇಂಥ ದಂಡ ಕೊಟ್ಟವರಿಗೆ ಬಿಲ್ಲು ಸಿಗುವುದಿಲ್ಲ, ಜಿಎಸ್‌ಟಿಯನ್ನೂ ಹಾಕುವುದಿಲ್ಲ. ಅಷ್ಟರಮಟ್ಟಿಗೆ ಇದೊಂದು ಡಿಸ್ಕೌಂಟು ಎನ್ನಬಹುದೇನೋ. ಪೊಲೀಸರಿಗೆ ಕೊಡುತ್ತೇವೆ, ಫೋಟೋವನ್ನು ಸೊಸೈಟಿಯ ಗ್ರೂಪಿಗೆ ಹಾಕುತ್ತೇವೆ ಎಂದು ಹೆದರಿಸಿ ದುಡ್ಡು ಕೀಳುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಲ್ಲಿ ಸುಲಿಗೆ ಎಂದು ಹೆಸರಿದೆ. ಏಳು ವರ್ಷದವರೆಗೆ ಶಿಕ್ಷೆಯಿದೆ. ಈ ಸಂಗತಿಯನ್ನು ಯಾವ ಅಂಗಡಿಯೂ ಬೋರ್ಡಿನಲ್ಲಿ ಬರೆಸಿದಂತಿಲ್ಲ.

ಒಳಗೆ ಹೋಗುವಾಗಲೇ ನಿಮ್ಮ ಚೀಲಕ್ಕೆ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ. ಹೊರಗೆ ಬಂದ ಮೇಲೆ ಅದನ್ನು ಹಲ್ಲಿನಿಂದಲೇ ಕಡಿಯಬೇಕು. ಹೊರಡುವಾಗ ಇನ್ನೊಬ್ಬ ಗಾರ್ಡು ಬಿಲ್ಲನ್ನು ಈಸಿಕೊಂಡು, ಟ್ರಾಲಿಯ ಕಡೆ ಕಣ್ಣೂ ಹಾಯಿಸದೆ ಒಂದು ತೂತು ಹೊಡೆಯುತ್ತಾನೆ. ಅವನ ಕಾಲ ಬುಡದಲ್ಲಿ ಚುಕ್ಕಿ ಚುಕ್ಕಿ ಕಾಗದದ ರಾಶಿ. ಆ ತೂತಿನಿಂದ ಈವರೆಗೆ ಯಾವ ಕಳ್ಳ ಸಿಕ್ಕಿದನೋ ದೇವರೇ ಬಲ್ಲ. ಇರಲಿ, ಅದು ಬರೀ ಶಾಸ್ತ್ರ. ನಿಜವಾದ ವಿಚಾರಣೆ ಗೇಟಿನಲ್ಲಿ.

ಬಾಗಿಲ ಎರಡು ಕಡೆ ಎದೆಮಟ್ಟ ನಿಂತ ಆ ಎರಡು ಕಂಬಗಳು ಆಂಟೆನಾಗಳು; ಮಾಲಿಗೆ ಅಂಟಿಸಿದ ಟ್ಯಾಗು ಜೀವಂತವಾಗಿ ನಡುವೆ ಹಾದರೆ ಕೂಗುತ್ತವೆ. ಸಾಮಾನ್ಯವಾಗಿ ಇವುಗಳಲ್ಲಿ ಎರಡು ಜಾತಿ: ಒಂದು 8.2 ಮೆಗಾಹರ್ಟ್ಸ್‌ನ ರೇಡಿಯೋ ಬಗೆ, ಇನ್ನೊಂದು 58 ಕಿಲೋಹರ್ಟ್ಸ್‌ನ ಅಕೌಸ್ಟೋ ಮ್ಯಾಗ್ನೆಟಿಕ್ ಬಗೆ. ಮೊದಲನೆಯದರ ಟ್ಯಾಗು ಬೆಲೆ ಚೀಟಿಯ ಹಿಂದೆ ಅಂಟಿದ ಚೌಕಾಕಾರದ ತಂತಿ ಸುರುಳಿ. ಎರಡನೆಯದು ಉಗುರಿನಗಲದ ಉದ್ದನೆಯ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಕಾಗದದಷ್ಟು ತೆಳುವಾದ ಲೋಹದ ಪಟ್ಟಿಗಳು. ಕ್ಯಾಶಿಯರನು ಮಾಲನ್ನು ಕೌಂಟರಿನ ಮೇಲಿನ ಕಪ್ಪು ಪ್ಯಾಡಿಗೆ ಒಮ್ಮೆ ಉಜ್ಜಿದರೆ ಟ್ಯಾಗು ಸಾಯುತ್ತದೆ. ಸಂಜೆ ಏಳು ಗಂಟೆಯ ಕ್ಯೂವಿನಲ್ಲಿ ಅವನು ಬಾರ್‌ಕೋಡನ್ನು ಮರೆಯುವುದಿಲ್ಲ, ಅದರಲ್ಲಿ ದುಡ್ಡಿದೆ. ಪ್ಯಾಡನ್ನು ಮರೆಯುತ್ತಾನೆ, ಅದರಲ್ಲಿ ಬರೀ ನಿಮ್ಮ ಮಾನವಿದೆ.

ಕೆಲವೊಮ್ಮೆ ಉಜ್ಜಿದರೂ ಸಾಯುವುದಿಲ್ಲ. ಡಬ್ಬಿಯ ಬೇರೆ ಮಗ್ಗುಲಲ್ಲಿ ಟ್ಯಾಗಿದ್ದರೆ ಪ್ಯಾಡಿಗೆ ಅದು ಎಟುಕುವುದಿಲ್ಲ. ಸತ್ತ ರೇಡಿಯೋ ಚೀಟಿ ಬಾಗಿದಾಗ ಮತ್ತೆ ಜೀವ ಬರುವುದೂ ಉಂಟು. ಎಲ್ಲಕ್ಕಿಂತ ಸೊಗಸು ಪರರ ಪಾಪ. ಮುಲುಂಡಿನ ಅಕ್ಕನೊಬ್ಬಳು ಊರಿಗೆ ಹೊರಡುವ ಮುನ್ನ ಅಂಗಡಿಗೆ ಬಂದಿದ್ದಾಳೆ ಅನ್ನಿ. ಮೈಮೇಲಿರುವ ಕುರ್ತಾ ಹೋದ ತಿಂಗಳು ಬೇರೆಲ್ಲೋ ಕೊಂಡದ್ದು. ಅದರ ಪಕ್ಕದ ಹೊಲಿಗೆಯಲ್ಲಿ, ತೊಳೆಯುವ ಸೂಚನೆಯ ಬಿಳಿ ಪಟ್ಟಿಯ ಜೊತೆಗೆ, ಜೀವಂತ ಟ್ಯಾಗೊಂದು ಇನ್ನೂ ಕೂತಿದೆ. ಈ ಅಂಗಡಿಯ ಗೇಟು ಆ ಅಂಗಡಿಯ ಟ್ಯಾಗಿಗೂ ಕೂಗುತ್ತದೆ, ಎರಡರ ಕಂಪನದ ಜಾತಿ ಒಂದೇ ಆದರೆ ಸಾಕು. ಗಾರ್ಡು ಕೇಳುತ್ತಾನೆ, ‘ಮೇಡಂ, ಬ್ಯಾಗ್ ಮೇ ಕ್ಯಾ ಹೈ?’ ಬ್ಯಾಗಿನಲ್ಲಿರುವುದು ಅಣ್ಣನ ಮಕ್ಕಳಿಗೆಂದು ದುಡ್ಡು ಕೊಟ್ಟು ಕೊಂಡ ಎರಡು ಟೀ ಶರ್ಟು. ತಕ್ಷಣ ಕ್ಯೂವಿನಲ್ಲಿದ್ದ ನಲವತ್ತು ಮಂದಿ ನ್ಯಾಯಾಧೀಶರಾಗುತ್ತಾರೆ.

ಸತ್ಯ ತಿಳಿಯಲು ಅರ್ಧ ನಿಮಿಷ ಸಾಕು. ಚೀಲ ಕೆಳಗಿಟ್ಟು ಅಕ್ಕ ಒಬ್ಬಳೇ ಗೇಟು ದಾಟಬೇಕು. ಕೂಗಿದರೆ ದೋಷ ಮೈಮೇಲಿನ ಬಟ್ಟೆಯದು. ಕೂಗದಿದ್ದರೆ ಒಂದೊಂದೇ ಸಾಮಾನನ್ನು ಗೇಟಿನ ನಡುವೆ ಹಿಡಿದು ನೋಡುವುದು, ಕೂಗಿಸಿದ್ದನ್ನು ಬಿಲ್ಲಿನ ಸಾಲಿಗೆ ಹೊಂದಿಸುವುದು. ಸಾಲು ಇದ್ದರೆ ಮಾಲು ಮತ್ತೆ ಪ್ಯಾಡಿಗೆ, ಅಕ್ಕ ಮನೆಗೆ. ಇದಕ್ಕೆ ಯಾವ ಪತ್ತೇದಾರನೂ ಬೇಡ. ಆದರೆ ಹೀಗೆ ಮಾಡಿದರೆ ತಪ್ಪು ಕೌಂಟರಿನದೆಂದು ಎಲ್ಲರೆದುರು ಬಯಲಾಗುತ್ತದಲ್ಲ! ಹಾಗಾಗಿ ಅಕ್ಕನನ್ನು ‘ಅಂದರ್’ ಕರೆಯುತ್ತಾರೆ.

ಅಂದರ್ ಎಂದರೆ ಗೋದಾಮಿನ ಪಕ್ಕದ ಕೋಣೆ. ಒಂದು ಟೇಬಲ್ಲು, ಖಾಲಿ ರಟ್ಟಿನ ಡಬ್ಬಿಗಳು, ಅಂಗಡಿಯ ಮೂಲೆ ಮೂಲೆಯನ್ನೂ ತೋರಿಸುವ ಟಿ.ವಿ. ಈ ಕೋಣೆಗೆ ಮಾತ್ರ ಕ್ಯಾಮೆರಾ ಇರುವುದಿಲ್ಲ. ಹೋಗಲೇಬೇಕೆಂಬ ಕಾನೂನಿಲ್ಲ. ‘ಇಲ್ಲೇ ಮಾತಾಡಿ, ಮ್ಯಾನೇಜರನ್ನು ಇಲ್ಲಿಗೇ ಕರೆಯಿರಿ’ ಎನ್ನುವ ಹಕ್ಕು ನಿಮಗಿದೆ. ಮುಂಬಯಿಯಲ್ಲಿ ಇದನ್ನು ಯಾವ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿದರೂ ನಡೆಯುತ್ತದೆ. ನಿಮ್ಮ ಒಪ್ಪಿಗೆಯಿಲ್ಲದೆ ಗಾರ್ಡು ಮೈಮುಟ್ಟುವಂತಿಲ್ಲ, ಪರ್ಸಿಗೆ ಕೈಹಾಕುವಂತಿಲ್ಲ. ಪೊಲೀಸರೇ ಹೆಂಗಸರನ್ನು ಹೆಂಗಸರಿಂದಲೇ, ಮರ್ಯಾದೆ ಕಾಯ್ದು ಶೋಧಿಸಬೇಕೆಂದು ಕಾನೂನಿರುವಾಗ ಸೂಪರ್‌ವೈಸರಿಗೆ ಬೇರೆ ರಿಯಾಯಿತಿ ಎಲ್ಲಿಂದ ಬರಬೇಕು? ದಾರಿಗೆ ಅಡ್ಡ ನಿಂತು ಬಿಡದಿದ್ದರೆ ನ್ಯಾಯ ಸಂಹಿತೆಯ 126ನೇ ಕಲಮು, ಕೋಣೆಯಲ್ಲಿ ಕೂಡಿಹಾಕಿದರೆ 127. ಎರಡನೆಯದಕ್ಕೆ ಒಂದು ವರ್ಷದವರೆಗೆ ಜೈಲು.

‘ನಮಗೂ ಹಿಡಿಯುವ ಅಧಿಕಾರವಿದೆ’ ಎಂದು ಮ್ಯಾನೇಜರು ಹೇಳಿಯಾನು. ಅರ್ಧ ಸತ್ಯ. ಬಂಧನ, ವಿಚಾರಣೆಯ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮಿನ ಪ್ರಕಾರ, ಕಣ್ಣೆದುರೇ ನಡೆದ, ಜಾಮೀನು ಸಿಗದ, ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧಕ್ಕೆ ಯಾರು ಬೇಕಾದರೂ ಹಿಡಿಯಬಹುದು. ಹಿಡಿದವರು ವಿಳಂಬ ಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ಅಂಗಡಿಯವರು ಈ ವಾಕ್ಯವನ್ನು ‘ಆರು ಗಂಟೆ ಕೂರಿಸಿಕೊಳ್ಳಬಹುದು’ ಎಂದು ಓದಿಕೊಂಡಿದ್ದಾರೆ. ಗೇಟಿಗೆ ಕಣ್ಣಿಲ್ಲ, ಅದು ಕೂಗಿದರೆ ಕಣ್ಣೆದುರು ನಡೆದಂತೆ ಆಗುವುದಿಲ್ಲ. ಜುಲೈ 1, 2024ರಿಂದ ಜಾರಿಯಲ್ಲಿರುವ ಹೊಸ ನ್ಯಾಯ ಸಂಹಿತೆಯಲ್ಲಿ ಇನ್ನೂ ಒಂದು ತಮಾಷೆಯಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಮಾಲನ್ನು ಮೊದಲ ಸಲ ಕದ್ದು, ಅದನ್ನು ಹಿಂದಿರುಗಿಸಿದವನಿಗೆ ಶಿಕ್ಷೆ ಸಮುದಾಯ ಸೇವೆ. ಅಂದರೆ ನಿಜವಾಗಿ ಕ್ರೀಮು ಕದ್ದವನಿಗೆ ಕೋರ್ಟು ಸಮಾಜಸೇವೆಯ ಕೆಲಸ ಕೊಟ್ಟೀತು. ಕ್ರೀಮಿಗೆ ದುಡ್ಡು ಕೊಟ್ಟವಳಿಗೆ ಅಂಗಡಿ ಗೋದಾಮಿನಲ್ಲಿ ಎರಡು ಗಂಟೆ ಕೊಡುತ್ತದೆ.

ಕೋಣೆಯಲ್ಲಿ ಕೊನೆಗೆ ಬರುವುದು ಮಾಫಿನಾಮಾ, ಅಂದರೆ ತಪ್ಪೊಪ್ಪಿ ಕ್ಷಮೆ ಕೇಳುವ ಪತ್ರ. ‘ಬರೆದುಕೊಟ್ಟು ಹೋಗಿ ಮೇಡಂ, ಇಲ್ಲಿಗೇ ಮುಗಿಸೋಣ.’ ಇಲ್ಲಿಗೆ ಮುಗಿಯುವುದಿಲ್ಲ, ಇಲ್ಲಿಂದಲೇ ಶುರುವಾಗುವುದು. ನೀವು ಬರೆದ ಆ ಎರಡು ಸಾಲು ನಾಳೆ ನೀವು ದೂರು ಕೊಟ್ಟಾಗ ಅಂಗಡಿಯ ಏಕೈಕ ಸಾಕ್ಷ್ಯ. ಬರೆಯಬೇಡಿ, ಸಹಿ ಹಾಕಬೇಡಿ, ದುಡ್ಡು ಕೊಡಬೇಡಿ. ‘ಕದ್ದಿದ್ದೇನೆಂದು ಅನ್ನಿಸಿದರೆ ಪೊಲೀಸರನ್ನು ಕರೆಯಿರಿ’ ಎನ್ನಿ, ಅವರು ಕರೆಯದಿದ್ದರೆ ನೀವೇ 112 ಒತ್ತಿ. ಈ ಒಂದು ಮಾತಿಗೆ ಅರ್ಧದಷ್ಟು ಮ್ಯಾನೇಜರುಗಳಿಗೆ ನೀವು ನಿರಪರಾಧಿಯೆಂದು ಹೊಳೆದುಬಿಡುತ್ತದೆ.

ಗಾರ್ಡಿನ ಮೇಲೆ ಹರಿಹಾಯುವುದರಲ್ಲಿ ಅರ್ಥವಿಲ್ಲ. ಹನ್ನೆರಡು ಗಂಟೆ ನಿಂತೇ ಇರುವ ಬಡಪಾಯಿ ಅವನು. ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆಯಡಿ ಕೇಂದ್ರ ರೂಪಿಸಿದ ಮಾದರಿ ನಿಯಮಗಳ ಪ್ರಕಾರ ಅವನಿಗೆ 100 ಗಂಟೆ ಪಾಠ, 60 ಗಂಟೆ ಮೈದಾನದ ತರಬೇತಿ ಆಗಿರಬೇಕು. ಆಗಿದೆಯೇ ಎಂದು ಅವನನ್ನಲ್ಲ, ಅವನನ್ನು ಗೇಟಿನಲ್ಲಿ ನಿಲ್ಲಿಸಿದವರನ್ನು ಕೇಳಿ. ಗುರುತಿನ ಚೀಟಿಯ ಮೇಲಿನ ಏಜೆನ್ಸಿಯ ಹೆಸರನ್ನು ಮಾತ್ರ ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನೆಗೆ ಬಂದು ಅತ್ತು ಮಲಗಿದರೆ ಅಂಗಡಿ ಗೆದ್ದಂತೆ. ಬಿಲ್ಲಿನ ಫೋಟೋ ಆ ರಾತ್ರಿಯೇ ತೆಗೆಯಿರಿ. ಥರ್ಮಲ್ ಕಾಗದದ ಅಕ್ಷರ ಮುಂಬಯಿಯ ಸೆಕೆಗೆ ತಿಂಗಳೊಪ್ಪತ್ತರಲ್ಲಿ ಮಾಸುತ್ತದೆ. ಯುಪಿಐ ಮೆಸೇಜನ್ನು ಅಳಿಸಬೇಡಿ, ಅದರಲ್ಲಿ ಗಂಟೆ ನಿಮಿಷವೂ ಇದೆ. ಮರುದಿನವೇ ಮ್ಯಾನೇಜರಿಗೆ ಈಮೇಲ್ ಹಾಕಿ: ಇಂಥ ದಿನ, ಇಷ್ಟರಿಂದ ಇಷ್ಟು ಗಂಟೆಯವರೆಗಿನ ಕೌಂಟರು, ಗೇಟು ಮತ್ತು ಕಾರಿಡಾರಿನ ಸಿಸಿಟಿವಿ ಚಿತ್ರಣ ಕಾದಿಡಿ. ರೆಕಾರ್ಡರು ಕೆಲವೇ ವಾರಗಳಲ್ಲಿ ಹಳತರ ಮೇಲೆ ಹೊಸತನ್ನು ಬರೆದುಬಿಡುತ್ತದೆ. ಈಮೇಲ್ ಬಂದ ಮೇಲೂ ಅಳಿಸಿದರೆ ಅದಕ್ಕೆ ಅವರೇ ಉತ್ತರ ಕೊಡಬೇಕಾಗುತ್ತದೆ. ಪೊಲೀಸ್ ಠಾಣೆಯಲ್ಲಿ ‘ಎನ್‌ಸಿ ಮಾಡಿಕೊಡ್ತೀವಿ’ ಎಂದು, ಅಂದರೆ ತನಿಖೆಯಿಲ್ಲದ ಬರೀ ನೋಂದಣಿ ಮಾಡಿ, ಕಳಿಸಲು ನೋಡುತ್ತಾರೆ. 126, 127 ಎರಡೂ ಎಫ್‌ಐಆರ್ ಆಗಬೇಕಾದ ಕಲಮುಗಳೆಂದು ಸಮಾಧಾನವಾಗಿ ಹೇಳಿ. ಮಾನಹಾನಿಗೆ (356) ಮಾತ್ರ ನೇರ ಮ್ಯಾಜಿಸ್ಟ್ರೇಟರ ಬಳಿಗೇ ಹೋಗಬೇಕು.

ಬಿಲ್ಲು ಆಗಿದ್ದರೆ ನೀವು ಗ್ರಾಹಕರು, ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ತಟ್ಟಬಹುದು. 2019ರ ಕಾಯ್ದೆ ಬಂದ ಮೇಲೆ, ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು: ಲೋವರ್ ಪರೇಲಿನಲ್ಲಿ ಅವಮಾನವಾದರೂ ಡೊಂಬಿವಲಿಯವರು ಥಾಣೆ ಜಿಲ್ಲಾ ಆಯೋಗದಲ್ಲಿ. ಐದು ಲಕ್ಷದ ಮಾಲಿನವರೆಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದೇನಿಲ್ಲ, ಎರಡು ವರ್ಷದೊಳಗೆ ಹಾಕಿದರಾಯಿತು. ಅದಕ್ಕೂ ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಡಾಕೆಟ್ ನಂಬರು, ಅಂದರೆ ದೂರಿನ ಸಂಖ್ಯೆ, ತೆಗೆದುಕೊಂಡರೆ ಅಂಗಡಿಯ ಧ್ವನಿ ತಾನಾಗಿ ಮೆತ್ತಗಾಗುತ್ತದೆ.

ಮೆತ್ತಗಾದ ಅಂಗಡಿ ಕಳಿಸುವುದು ಗಿಫ್ಟ್ ವೋಚರು. ಐನೂರು ರೂಪಾಯಿ, ಎರಡು ಸಾವಿರದ ಖರೀದಿಯ ಮೇಲೆ ಮಾತ್ರ, ಸೇಲಿನ ಮಾಲಿಗೆ ಅನ್ವಯಿಸದು. ಜೊತೆಗೆ ಸಣ್ಣಕ್ಷರದಲ್ಲಿ, ‘ಈ ವಿಷಯದಲ್ಲಿ ನನಗೆ ಯಾವ ತಕರಾರೂ ಉಳಿದಿಲ್ಲ’ ಎಂದು ನಿಮ್ಮ ಪರವಾಗಿ ಅವರೇ ಬರೆದ ಒಂದು ಸಾಲು, ಅದರ ಕೆಳಗೆ ಸಹಿಗೆ ಖಾಲಿ ಜಾಗ. ಆ ಜಾಗವನ್ನು ಖಾಲಿಯೇ ಬಿಡಿ.