ಇಲಿ ಬಿಡಲು ಬೆಟ್ಟ ಅಗೆದದ್ದು

ಬೆಟ್ಟ ಅಗೆದು ಇಲಿ ಹಿಡಿದವರ ಮಾತು ಎಲ್ಲರಿಗೂ ಗೊತ್ತು. ನಾನು ಇಲಿಯನ್ನು ಬಿಡುವುದಕ್ಕಾಗಿ ಬೆಟ್ಟ ಅಗೆದವನು. ಇಲಿಯೆಂದರೆ ಕಂಪ್ಯೂಟರಿನ ಬಲಮಗ್ಗುಲಲ್ಲಿ ಬಾಲ ಚಾಚಿಕೊಂಡು ಕೂತಿರುವ ಮೌಸು. ಈಚೆಗೆ ಅದಕ್ಕೆ ಬಾಲವೂ ಇಲ್ಲ.

ಶುರುವಾದದ್ದು ಒಂದು ಗುಣಾಕಾರದಿಂದ. ಏನೋ ಬರೆಯುತ್ತಿದ್ದೆ, ನಡುವೆ ಎರಡು ಸಂಖ್ಯೆ ಗುಣಿಸಬೇಕಾಯಿತು. ಕೈ ಕೀಬೋರ್ಡ್ ಬಿಟ್ಟು ಮೌಸಿಗೆ ಹೋಯಿತು. ಬಾಣದ ಗುರುತು ಪರದೆಯ ಯಾವ ಮೂಲೆಯಲ್ಲಿದೆಯೋ ಕಾಣದೆ ಮೌಸನ್ನು ನಾಲ್ಕು ಸಲ ಅತ್ತಿತ್ತ ಅಲ್ಲಾಡಿಸಿದ್ದಾಯಿತು. ತೆರೆದಿದ್ದ ವಿಂಡೋಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸಿ ಡೆಸ್ಕ್‌ಟಾಪ್ ನೋಡಿದರೆ ಅಲ್ಲಿ ಐಕಾನ್‌ಗಳ ಸಂತೆ. ಒಂದು ಕಾಲಕ್ಕೆ ಬಹಳ ಆಸೆಪಟ್ಟು ಹಾಕಿಕೊಂಡಿದ್ದ ಹಿನ್ನೆಲೆ ಚಿತ್ರ ಬೆಟ್ಟದ್ದೋ ಸಮುದ್ರದ್ದೋ ಎಂಬುದೇ ಮರೆತಿತ್ತು. ಆ ಸಂತೆಯಲ್ಲಿ ಕ್ಯಾಲ್ಕುಲೇಟರ್ ಸಿಕ್ಕುವಷ್ಟರಲ್ಲಿ ಗುಣಿಸಬೇಕಾಗಿದ್ದ ಎರಡನೆಯ ಸಂಖ್ಯೆ ತಲೆಯಿಂದ ಜಾರಿಹೋಗಿತ್ತು.

ಮೌಸ್ ಹಿಡಿದು ಮಾಡುವುದೆಲ್ಲ ಕೊನೆಗೂ ಬೆರಳು ತೋರಿಸುವ ಕೆಲಸವೇ. ಮಾತು ಬಾರದ ಮಗು ಎತ್ತರದ ಡಬ್ಬಿಯತ್ತ ಕೈಚಾಚಿ ‘ಅದು, ಅದು’ ಎನ್ನುತ್ತದಲ್ಲ, ಹಾಗೆ. ಬೆರಳು ಸ್ವಲ್ಪ ಜರುಗಿದರೆ ಪಕ್ಕದ ಡಬ್ಬಿ ಇಳಿದುಬರುತ್ತದೆ. ಮಾತು ಬಂದ ಮೇಲೂ ನಾವು ಕಂಪ್ಯೂಟರಿನ ಮುಂದೆ ಯಾಕೆ ಹೀಗೆ ಕೂತಿದ್ದೇವೆ, ಹೆಸರು ಹಿಡಿದು ಕರೆದರೆ ಬರುವುದಿಲ್ಲವೇ, ಎಂದು ಯೋಚಿಸಿದ್ದೇ ತಪ್ಪಾಯಿತು. ಕರೆದರೆ ಬರುತ್ತದೆ, ಹಾಗೆ ಕರೆತರುವುದಕ್ಕೇ ಲಾಂಚರ್ ಎಂಬ ಒಂದು ಜಾತಿಯ ತಂತ್ರಾಂಶವಿದೆ ಎಂದು ತಿಳಿಯಿತು. ಎರಡು ಕೀ ಒಟ್ಟಿಗೆ ಒತ್ತಿದರೆ ಪರದೆಯ ನಡುವೆ ಒಂದು ಖಾಲಿ ಪಟ್ಟಿ ಮೂಡುತ್ತದೆ. ಬೇಕಾದ್ದರ ಹೆಸರಿನ ಎರಡಕ್ಷರ ಬಡಿದು ಎಂಟರ್ ಒತ್ತಿದರೆ ಪಟ್ಟಿ ಮಾಯ, ಕರೆದದ್ದು ಹಾಜರು.

ಪಾಲ್ ಫಿಟ್ಸ್ ಎಂಬ ಮನಶ್ಶಾಸ್ತ್ರಜ್ಞರು 1954ರಲ್ಲೇ ಒಂದು ಸೂತ್ರ ಕೊಟ್ಟಿದ್ದರು: ಗುರಿ ದೂರವಾದಷ್ಟೂ ಚಿಕ್ಕದಾದಷ್ಟೂ ಅದನ್ನು ಮುಟ್ಟಲು ಹೆಚ್ಚು ಹೊತ್ತು ಬೇಕು. ಇಷ್ಟನ್ನು ಹೇಳಲು ಸೂತ್ರವೇಕೆ ಎನ್ನಬಹುದು. ಆದರೆ ಅವರು ಎರಡು ಲೋಹದ ಪಟ್ಟಿಗಳ ನಡುವೆ ಜನರಿಂದ ಕಡ್ಡಿಯಲ್ಲಿ ಕುಟ್ಟಿಸಿ ಇದನ್ನು ಅಳೆದಾಗ ಮೌಸ್ ಇನ್ನೂ ಹುಟ್ಟೇ ಇರಲಿಲ್ಲ. ಹುಟ್ಟುವ ಮೊದಲೇ ಜಾತಕ ಬರೆದಂತಾಯಿತು. ಇನ್ನು 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಎಂಜಿನಿಯರು ತಾವು ರೂಪಿಸಿದ ಮೌಸನ್ನು ಸಭೆಯ ಮುಂದೆ ತೋರಿಸಿದರಲ್ಲ, ಆಗ ಅವರ ಬಲಗೈಯಲ್ಲಿ ಮೌಸಿದ್ದರೆ ಎಡಗೈಯ ಕೆಳಗೆ ಐದು ಕೀಗಳ ಒಂದು ಪುಟ್ಟ ಮಣೆಯೂ ಇತ್ತು. ನಾವು ಬಲಗೈಯದನ್ನು ತಂದು ಮನೆ ತುಂಬಿಸಿಕೊಂಡೆವು, ಎಡಗೈಯದನ್ನು ಅಲ್ಲೇ ಬಿಟ್ಟು ಬಂದೆವು.

ನನ್ನದು ಎರಡು ಕಾಲಿಗೆ ಮೂರು ದೋಣಿಯ ಪರಿಸ್ಥಿತಿ. ಮನೆಯಲ್ಲಿ ವಿಂಡೋಸ್, ಕೆಲಸಕ್ಕೆ ಮ್ಯಾಕ್, ಎಸೆಯಲಾಗದ ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್. ಹಾಗಾಗಿ ಹುಡುಕಾಟವೂ ಮೂರು ದಿಕ್ಕಿಗೆ ಹರಡಿತು.

ವಿಂಡೋಸ್‌ನಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಹಳೆಯ ‘ರನ್’ ಪೆಟ್ಟಿಗೆ. ವಿಂಡೋಸ್ ಕೀ ಜೊತೆ ಆರ್ ಒತ್ತಿದರೆ ಎಡಗಡೆ ಕೆಳಗೆ ಪ್ರತ್ಯಕ್ಷವಾಗುತ್ತದೆ, ವಿಂಡೋಸ್ 95ರ ಕಾಲದಿಂದ ಇದೆ. ಇದು ಹೆಸರು ಹಿಡಿದು ಕರೆದರೆ ಓಗೊಡುತ್ತದೆ ನಿಜ, ಆದರೆ ದಾಖಲೆಯಲ್ಲಿರುವ ಹೆಸರೇ ಆಗಬೇಕು. ‘ವರ್ಡ್’ ಎಂದರೆ ಅಂಥವರು ಯಾರೂ ಇಲ್ಲ ಎನ್ನುತ್ತದೆ; ‘ವಿನ್‌ವರ್ಡ್’ ಎಂದು ಇನಿಷಿಯಲ್ ಸಮೇತ ಕರೆದರೆ ಮಾತ್ರ ಒಳಗಿನಿಂದ ಕಳಿಸುತ್ತದೆ. ಮೂವತ್ತು ವರ್ಷ ಒಂದೇ ಕಿಟಕಿಯಲ್ಲಿ ಕೂತ ಗುಮಾಸ್ತರ ಸ್ವಭಾವ.

ಅದಕ್ಕಿಂತ ಸಲೀಸಾದವು ಬೇಕಾದಷ್ಟಿದ್ದವು. ಲಾಂಚಿ, ವಾಕ್ಸ್, ಅದರಿಂದಲೇ ಕವಲೊಡೆದ ಫ್ಲೋ ಲಾಂಚರ್, 2020ರಲ್ಲಿ ಮೈಕ್ರೋಸಾಫ್ಟಿನ ಪವರ್‌ಟಾಯ್ಸ್ ಎಂಬ ಸಲಕರಣೆಗಳ ಕಟ್ಟಿನೊಳಗೆ ಬಂದ, ಹೆಸರು ಮಾತ್ರ ಹಳೆಯದಾದ ಹೊಸ ರನ್, ಹೀಗೆ. ಎಲ್ಲವನ್ನೂ ಇಳಿಸಿಕೊಂಡೆ. ಪ್ರತಿಯೊಂದಕ್ಕೂ ಬಣ್ಣ ಬದಲಿಸಿದೆ, ಪಟ್ಟಿಯ ಅಗಲ ತಿದ್ದಿದೆ, ಅಂಚು ಗುಂಡಗಿರಲೋ ಚೌಕವೋ ಎಂದು ಒಂದು ಸಂಜೆ ಕಳೆದೆ. ವಿಂಡೋಸ್ ಕೀ ಒತ್ತಿ ಸುಮ್ಮನೆ ಟೈಪಿಸಿದರೂ ಸ್ಟಾರ್ಟ್ ಮೆನುವೇ ಹುಡುಕಿಕೊಡುತ್ತದೆ, ವಿಸ್ಟಾ ಬಂದ 2007ರಿಂದಲೂ ಆ ಸೌಕರ್ಯ ಇದೆ. ಆದರೆ ಆ ಸಂಜೆ ಅದನ್ನು ಯಾರಾದರೂ ಹೇಳಿದ್ದರೆ ನಾನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಮ್ಯಾಕಿನವರು ಈ ವಿಷಯದಲ್ಲಿ ಹಳೆಯ ಕುಳಗಳು. ಲಾಂಚ್‌ಬಾರ್ ಎಂಬುದು ಮ್ಯಾಕ್ ಓಎಸ್ ಟೆನ್‌ಗಿಂತ ಮುಂಚೆಯೇ ನೆಕ್ಸ್ಟ್‌ಸ್ಟೆಪ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಗಣಕಗಳಲ್ಲಿ ಓಡಾಡುತ್ತಿತ್ತು. 2010ರಲ್ಲಿ ಬಂದ ಆಲ್‌ಫ್ರೆಡ್‌ಗೆ ಗುಂಡು ಟೋಪಿಯೇ ಗುರುತು. ಆದರೆ ನನ್ನ ಮನಸ್ಸು ಕದ್ದದ್ದು ಕ್ವಿಕ್‌ಸಿಲ್ವರ್, 2003ರದ್ದು, ಕನ್ನಡದಲ್ಲಿ ಹೇಳುವುದಾದರೆ ಪಾದರಸ. ಅದು ಬರೀ ಹೆಸರು ಕೂಗುವುದಿಲ್ಲ, ವಾಕ್ಯವನ್ನೇ ಕಟ್ಟುತ್ತದೆ. ಮೊದಲ ಮನೆಯಲ್ಲಿ ವಸ್ತು, ಅಂದರೆ ಒಂದು ಕಡತವೋ ಚಿತ್ರವೋ. ಟ್ಯಾಬ್ ಒತ್ತಿದರೆ ಎರಡನೆಯ ಮನೆಯಲ್ಲಿ ಕ್ರಿಯೆ: ತೆರೆ, ಸಾಗಿಸು, ಕಳಿಸು. ಬೇಕಿದ್ದರೆ ಮೂರನೆಯದರಲ್ಲಿ ಎಲ್ಲಿಗೆ, ಯಾರಿಗೆ. ‘ಈ ಚಿತ್ರ ಕಳಿಸು, ಅವರಿಗೆ.’ ಇದು ನಮ್ಮ ವ್ಯಾಕರಣವಲ್ಲವೇ! ಕರ್ಮ ಮೊದಲು, ಕ್ರಿಯಾಪದ ಆಮೇಲೆ. ವಿಂಡೋಸ್‌ನಲ್ಲಿ ಎನ್ಸೊ ಎಂಬ ಇನ್ನೊಂದು ಲಾಂಚರ್ ಇತ್ತು. ಕ್ಯಾಪ್ಸ್ ಲಾಕ್ ಒತ್ತಿ ಹಿಡಿದುಕೊಂಡೇ ಆಜ್ಞೆ ಟೈಪಿಸಿ ಕೈಬಿಟ್ಟರೆ ಕೆಲಸ ಆಗುತ್ತಿತ್ತು. ಬಹಳ ಜಾಣ ಉಪಾಯ, ಆದರೆ ಅಲ್ಲಿ ಮೊದಲು ‘ತೆರೆ’, ಆಮೇಲೆ ಏನನ್ನು ಎಂಬುದು. ಇಂಗ್ಲಿಷಿನ ಪದಕ್ರಮ. ಏನನ್ನು ಎಂದು ಗೊತ್ತಿಲ್ಲದೆ ಬಾಗಿಲು ತೆರೆದು ನಿಂತವನ ಹಾಗೆ ನನಗೆ ಅಲ್ಲಿ ಪ್ರತಿ ಸಲವೂ ತಡವರಿಸುವಂತಾಗುತ್ತಿತ್ತು. ಕ್ವಿಕ್‌ಸಿಲ್ವರ್ ಬರೆದವರಿಗೆ ಕನ್ನಡ ಬರುತ್ತಿರಲಾರದು, ಆದರೂ ಅದು ನನಗೆ ಮನೆಮಾತಿನಂತೆ ಒಗ್ಗಿತು.

ಲಿನಕ್ಸಿನಲ್ಲಿ ಡಿಮೆನು, ರೋಫಿ, ಕೆರನ್ನರ್, ಯೂಲಾಂಚರ್ ಎಂದು ಒಂದು ಹಿಂಡೇ ಇದೆ. ಡಿಮೆನು ಪರದೆಯ ಅಂಚಿನಲ್ಲಿ ಒಂದು ಗೆರೆಯಷ್ಟು ಜಾಗ ಕೇಳುತ್ತದೆ, ಅಲಂಕಾರ ಕೇಳುವುದಿಲ್ಲ. ಹಳೆಯ ಲ್ಯಾಪ್‌ಟಾಪಿಗೂ ನನಗೂ ಅಷ್ಟು ಸಾಕು.

ಒಟ್ಟು ಮೂರು ವಾರ ಹಿಡಿಯಿತು. ಆ ಮೂರು ವಾರದಲ್ಲಿ ಮೌಸಿನಿಂದಲೇ ಎಷ್ಟು ಸಾವಿರ ಸಲ ಕ್ಯಾಲ್ಕುಲೇಟರ್ ತೆರೆಯಬಹುದಿತ್ತು ಎಂದು ಲೆಕ್ಕ ಹಾಕಲು ಹೋದಾಗಲೇ ತಿಳಿದದ್ದು, ಹೆಚ್ಚಿನ ಲಾಂಚರ್‌ಗಳಲ್ಲಿ ಆ ಪಟ್ಟಿಯೊಳಗೇ ಲೆಕ್ಕ ಬರೆದರೆ ಅಲ್ಲೇ ಉತ್ತರ ಬರುತ್ತದೆ, ಕ್ಯಾಲ್ಕುಲೇಟರ್ ತೆರೆಯಬೇಕಾದ್ದೇ ಇಲ್ಲ.

ಇನ್ನು ಅಪಘಾತಗಳು. ಆಲ್ಟ್ ಮತ್ತು ಸ್ಪೇಸ್ ಎಂಬ ಜೋಡಿಯನ್ನು ಅನೇಕ ಲಾಂಚರ್‌ಗಳು ತಮ್ಮದೆಂದುಕೊಂಡಿವೆ. ವಿಂಡೋಸ್‌ನಲ್ಲಿ ಅದು ಮೊದಲಿಂದಲೂ ಬೇರೆಯವರ ಆಸ್ತಿ: ವಿಂಡೋವನ್ನು ಚಿಕ್ಕದು ದೊಡ್ಡದು ಮಾಡುವ, ಮುಚ್ಚುವ ಸಣ್ಣ ಮೆನು ತೆರೆಯುವುದು ಅದರಿಂದಲೇ. ಒಂದು ಬೆಳಿಗ್ಗೆ ನನ್ನ ಲಾಂಚರ್ ಯಾಕೋ ಎದ್ದಿರಲಿಲ್ಲ. ನಾನು ನೋಡದೆಯೇ ಅಭ್ಯಾಸಬಲದಿಂದ ಆಲ್ಟ್ ಸ್ಪೇಸ್ ಒತ್ತಿ ‘ಕ್ಯಾಲ್ಕ್’ ಎಂದು ಬಡಿಯತೊಡಗಿದೆ. ಹಳೆಯ ಮೆನುವಿನಲ್ಲಿ ಸಿ ಎಂದರೆ ಕ್ಲೋಸ್. ಕ್ಯಾಲ್ಕುಲೇಟರನ್ನು ಕರೆದರೆ ಎದುರಿಗಿದ್ದ ಬರಹ ಎದ್ದು ಹೊರಟಿತು. ಉಳಿಸಬೇಕೋ ಬೇಡವೋ ಎಂದು ಬಾಗಿಲಲ್ಲಿ ನಿಂತು ಕೇಳಿತು, ಪುಣ್ಯ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ತಾಪತ್ರಯ ಉಂಟು. 2005ರಲ್ಲಿ ಮ್ಯಾಕಿಗೆ ಸ್ಪಾಟ್‌ಲೈಟ್ ಎಂಬ ಹುಡುಕಾಟದ ಸೌಕರ್ಯ ಬಂದಾಗ ಅದಕ್ಕೆ ಕೊಟ್ಟ ಕಮಾಂಡ್ ಸ್ಪೇಸ್ ಜೋಡಿ ಅಲ್ಲಿಯವರೆಗೆ ಭಾಷೆ ಬದಲಿಸಲು ಬಳಸುತ್ತಿದ್ದದ್ದು. ಎರಡು ಲಿಪಿಯವರ ಸ್ಪೇಸ್‌ಬಾರಿಗೆ ಅಂದಿನಿಂದ ನೆಮ್ಮದಿಯಿಲ್ಲ. ಕನ್ನಡದಿಂದ ಇಂಗ್ಲಿಷಿಗೆ ಹೊರಳುವುದು ಮರೆತು ಲಾಂಚರ್ ಕರೆದೆನೋ, ಕೆಲಸ ಕೆಟ್ಟಿತು. ಭಾರತೀಯ ಭಾಷೆಗಳಿಗಾಗಿ ಮಾಡಿದ ಇನ್‌ಸ್ಕ್ರಿಪ್ಟ್ ಎಂಬ ಕೀಬೋರ್ಡ್ ವಿನ್ಯಾಸದಲ್ಲಿ ಸಿ ಇರುವಲ್ಲಿ ಮ, ಎ ಇರುವಲ್ಲಿ ಓಕಾರದ ಗುರುತು, ಎಲ್ ಇರುವಲ್ಲಿ ತ. ಹಾಗಾಗಿ ‘ಕ್ಯಾಲ್ಕ್’ನ ನಾಲ್ಕು ಕೀ ಒತ್ತಿದರೆ ಮೂಡುವುದು ‘ಮೋತಮ’. ಗೌತಮನ ದಾಯಾದಿಯಂತೆ ಕಾಣುವ ಈ ಮೋತಮ ಯಾರೆಂದು ನನಗೂ ಗೊತ್ತಿಲ್ಲ, ಲಾಂಚರಿಗೂ ಗೊತ್ತಿಲ್ಲ. ಆದರೂ ವಾರಕ್ಕೆ ಎರಡು ಮೂರು ಸಲ ಅವನನ್ನು ಕೂಗುತ್ತಲೇ ಇರುತ್ತೇನೆ.

ಇಷ್ಟಾದರೂ ಬಿಡಲಿಲ್ಲ. ಕಾರಣ ಉಳಿದ ಸಮಯವಲ್ಲ, ಬೆಳೆದ ಸಲಿಗೆ. ಲಾಂಚರ್ ಪ್ರತಿ ಸಲ ಕಂಪ್ಯೂಟರನ್ನೆಲ್ಲ ಜಾಲಾಡುವುದಿಲ್ಲ. ಏನೇನಿದೆ ಎಂಬ ಪಟ್ಟಿಯನ್ನು ಮೊದಲೇ ಮಾಡಿಟ್ಟುಕೊಂಡು, ನಾವು ಒತ್ತಿದ ಅಕ್ಷರಗಳು ಅದೇ ಕ್ರಮದಲ್ಲಿ ಯಾವ ಹೆಸರಿನೊಳಗಿವೆ ಎಂದು ನೋಡುತ್ತದೆ. ಪೂರ್ತಿ ಹೆಸರು ಬೇಕಿಲ್ಲ. ಅಲ್ಲೊಂದು ಇಲ್ಲೊಂದು ಅಕ್ಷರ ಹೆಕ್ಕಿದರೂ ಆಯಿತು. ಹಲವು ಹೆಸರುಗಳಲ್ಲಿ ಅವು ಸಿಕ್ಕರೆ ನಾವು ಹೆಚ್ಚು ಸಲ ಕರೆದವರನ್ನು ಮುಂದಕ್ಕೆ ತಳ್ಳುತ್ತದೆ. ಹೀಗೆ ಆರು ತಿಂಗಳಲ್ಲಿ ನನ್ನ ಕಂಪ್ಯೂಟರಿನಲ್ಲಿ ಪೂರ್ತಿ ಹೆಸರಿನವರು ಯಾರೂ ಉಳಿಯಲಿಲ್ಲ. ಎಫ್ ಎಂದರೆ ಫೈರ್‌ಫಾಕ್ಸ್ ಓಡಿಬರುತ್ತದೆ, ಬೇರೆ ಎಫ್‌ಗಳು ತಲೆ ಎತ್ತುವುದಿಲ್ಲ. ಹೊಸ ಕಂಪ್ಯೂಟರ್ ತಂದಾಗ ಮಾತ್ರ ಪರದಾಡಿದೆ. ಅದೇ ಲಾಂಚರ್, ಅದೇ ಬಣ್ಣ, ಆದರೆ ಎಫ್ ಎಂದರೆ ಯಾವುದೋ ಫಾಂಟ್ ತೋರಿಸುವ ಸಲಕರಣೆ ಬಂದು ನಿಂತಿತು. ಹಳೆಯ ಪರಿಚಯವೆಲ್ಲ ಹಳೆಯ ಡಿಸ್ಕಿನಲ್ಲೇ ಉಳಿದಿತ್ತು.

ಹೆಸರು ಕರೆಯುವವನಿಗೆ ಹೆಸರು ನೆನಪಿರಬೇಕು ಎಂಬುದೊಂದು ಷರತ್ತಿದೆಯಷ್ಟೆ. ಚಿತ್ರಗಳನ್ನು ಸಾಲಾಗಿ ಕುಗ್ಗಿಸುವ ಒಂದು ಪುಟ್ಟ ತಂತ್ರಾಂಶ ನನ್ನಲ್ಲಿದೆ. ವರ್ಷಕ್ಕೆ ಮೂರು ಸಲ ಬೇಕಾಗುತ್ತದೆ. ಅದರ ಮುಖ ಚೆನ್ನಾಗಿ ಗೊತ್ತು: ಕಿತ್ತಳೆ ಬಣ್ಣದ ವೃತ್ತ, ಒಳಗೊಂದು ಬಿಳಿ ಗೆರೆ. ಹೆಸರು ಮಾತ್ರ ಸಾಯಲಿ ಎಂದರೂ ಬಾರದು. ಖಾಲಿ ಪಟ್ಟಿಯ ಮುಂದೆ ಕೂತು ‘ಇಮೇಜ್’ ಎಂದೆ, ‘ಫೋಟೊ’ ಎಂದೆ, ‘ರಿಸೈಜ್’ ಎಂದೆ. ಯಾರ್ಯಾರೋ ಬಂದರು, ಅದು ಬರಲಿಲ್ಲ. ಕೊನೆಗೆ ಡ್ರಾಯರಿನಿಂದ ಮೌಸನ್ನು ತೆಗೆದು, ಧೂಳು ಒರೆಸಿ, ಇಡೀ ಪಟ್ಟಿಯನ್ನು ಮೇಲಿಂದ ಕೆಳಕ್ಕೆ ಉರುಳಿಸಿದೆ. ಕಂಡ ತಕ್ಷಣ ಗುರುತು ಹತ್ತಿತು.

ಮುಂದಿನ ಸಲಕ್ಕೆ ಇರಲಿ ಎಂದು ಅದಕ್ಕೊಂದು ಅಡ್ಡಹೆಸರು ಕೊಟ್ಟೆ. ನನ್ನ ಲಾಂಚರಿನಲ್ಲಿ ಆ ಅನುಕೂಲವಿದೆ. ಯಾವ ಹೆಸರಿಟ್ಟರೂ ಮರೆಯುವ ಭಯ ಇದ್ದದ್ದರಿಂದ, ಮರೆತಾಗ ಬಾಯಿಗೆ ತಾನಾಗಿ ಬರುವ ಮಾತನ್ನೇ ಇಟ್ಟಿದ್ದೇನೆ: ‘ಅದು’. ಈಗ ‘ಅದು’ ಎಂದು ಟೈಪಿಸಿದರೆ ಅದೇ ಬರುತ್ತದೆ. ಮೊನ್ನೆ ಇನ್ನೊಂದರ ಹೆಸರು ಮರೆಯಿತು. ಅದನ್ನು ‘ಇದು’ ಎಂದು ಕರೆಯುತ್ತಿದ್ದೇನೆ.