ಅಪ್ಪನ ಕ್ಯಾಸೆಟ್, ಬದಿ ಎರಡು

ಬೆಳಿಗ್ಗೆ ಒಂಬತ್ತೂವರೆಯ ಆಫೀಸ್ ಮೀಟಿಂಗು. ನಾನು ಶಿರಸಿಯ ಮನೆಯ ಮಹಡಿಯಲ್ಲಿ, ಉಳಿದವರೆಲ್ಲ ಬೆಂಗಳೂರಲ್ಲಿ. ಬಾಸ್ ಬರುವ ಮೊದಲೇ ಒಬ್ಬ ಶುರು ಮಾಡಿದ: “ರಾತ್ರಿ ನಿದ್ದೆ ಮಾಡಿಲ್ವೇನೋ? ಎರಡೂವರೆಗೂ ‘ಅಪ್ಪನ ಕ್ಯಾಸೆಟ್, ಬದಿ ಎರಡು’ ಕೇಳ್ತಾ ಇದ್ದೆ. ಯಾವ ಬ್ಯಾಂಡು ಅದು?”

ಬ್ಯಾಂಡಂತೆ!

ತಪ್ಪು ನನ್ನದೇ. ಮಳೆಗಾಲದಲ್ಲಿ ಕೈ ಸುಮ್ಮನಿರದೆ ಟೀವಿಯ ಹಿಂದೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರೊಂದನ್ನು ಅಂಟಿಸಿ ಕೋಡಿ ಹಾಕಿದೆ. “ಯಾವ ಕೋಡಿ, ಕೆರೆದಾ?” ಎಂದಳು ಅಮ್ಮ. ಎಕ್ಸ್‌ಬಾಕ್ಸ್ ಆಟದ ಪೆಟ್ಟಿಗೆಗೆಂದು ಹವ್ಯಾಸಿಗಳು ಬರೆದ, ಹಾಡು-ಸಿನಿಮಾ ಓಡಿಸುವ ಮುಕ್ತ ತಂತ್ರಾಂಶ, 2014ರವರೆಗೂ ಎಕ್ಸ್‌ಬಿಎಂಸಿ ಅಂತಲೇ ಹೆಸರಿತ್ತು ಎಂದು ನಾನು ವಿವರಿಸುವಷ್ಟರಲ್ಲಿ ಅವಳು ಒಲೆಯ ಮೇಲಿನ ಹಾಲು ನೋಡಲು ಹೋಗಿಯಾಗಿತ್ತು. ಅದಂತೂ ನಿಜವಾಗಿಯೂ ಕೋಡಿ ಬಿದ್ದಿತ್ತು.

ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಲಾಸ್ಟ್.ಎಫ್‌ಎಂ ಎಂಬ ಜಾಲತಾಣವನ್ನೂ ಜೋಡಿಸಿದೆ. ಕೇಳಿದ ಹಾಡನ್ನೆಲ್ಲ ಖಾತೆಗೆ ಬರೆದು ಗೆಳೆಯರಿಗೆ ತೋರಿಸುತ್ತದೆ. ಅದಕ್ಕೆ ಸ್ಕ್ರಾಬಲ್ ಅಂತಾರೆ. ನಾನು ಜಾಝ್ ಕೇಳುವ ಮನುಷ್ಯ ಎಂದು ನಾಲ್ಕು ಜನಕ್ಕೆ ಗೊತ್ತಾಗಲಿ ಎಂಬ ಸಣ್ಣ ಆಸೆ, ಇನ್ನೇನಿಲ್ಲ. ಆದರೆ ಪೆಟ್ಟಿಗೆ ಒಂದು, ಖಾತೆ ಒಂದು. ಎಚ್‌ಡಿಎಂಐ ತಂತಿಯೊಳಗಿಂದಲೇ ಗುಂಡಿಯ ಸುದ್ದಿ ಹೋಗುವುದರಿಂದ ಟೀವಿ ರಿಮೋಟೇ ಪೈಯನ್ನೂ ಕುಣಿಸುತ್ತದೆ. ಆ ರಿಮೋಟು ಸದಾ ಅಪ್ಪನ ಪಂಚೆಯ ಮಡಿಲಲ್ಲಿ.

ಅಪ್ಪನ ಹತ್ತಿರ ಒಂದು ಟ್ರಂಕು ತಾಳಮದ್ದಲೆ ಕ್ಯಾಸೆಟ್ಟುಗಳಿವೆ, ತೊಂಬತ್ತು ನಿಮಿಷದವು. ಎಲ್ಲವನ್ನೂ ಎಂಪಿತ್ರೀ ಮಾಡಿಕೊಟ್ಟವನೂ ನಾನೇ. ಗಾಯಕರ ಹೆಸರಿನ ಜಾಗದಲ್ಲಿ ‘ಅಪ್ಪನ ಕ್ಯಾಸೆಟ್’ ಎಂದು ಟೈಪಿಸಿದ್ದೆ, ಸೋಮಾರಿತನದಿಂದ. ಈಗ ನಾನು ಜೀವನದಲ್ಲಿ ಅತಿ ಹೆಚ್ಚು ಕೇಳಿದ ಕಲಾವಿದ ಅವನೇ.

ಲೆಕ್ಕ ಹಾಕುವ ಕ್ರಮವನ್ನಾದರೂ ಅಪ್ಪನಿಗೆ ಹೇಳಬಾರದಿತ್ತು. 30 ಸೆಕೆಂಡಿಗಿಂತ ಉದ್ದದ ಹಾಡು ಅರ್ಧ ಮುಗಿದರೆ ಇಲ್ಲವೇ 4 ನಿಮಿಷ ಓಡಿದರೆ, ಯಾವುದು ಮೊದಲೋ ಆಗ, ಒಂದು ಸ್ಕ್ರಾಬಲ್. ಅಪ್ಪ ಕನ್ನಡಕ ತೆಗೆದರು.

“ಅಂದ್ರೆ ಮುಕ್ಕಾಲು ತಾಸು ಕೇಳಿದ ಯಂಗೂ ಒಂದು, ಮೂರು ನಿಮಿಷದ ಭಜನೆ ಕೇಳಿದ ಅವಳಿಗೂ ಒಂದಾ?”

ಹೌದು ಎಂದೆ.

“ಸೊಸೈಟಿಲಿ ಅಡಕೆ ಚೀಲ ಎಣಿಸ್ತ್ವನಾ, ತೂಗ್ತ್ವನಾ?”

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಅಪ್ಪ ಬಿಡುವವರಲ್ಲ. ಊಟಕ್ಕೆ ಕೂತಾಗ ತೂಕ, ಕವಳ ಹಾಕುವಾಗ ತೂಕ. ಚಾಲಿಗೆ ಒಂದು ದರ, ಕೆಂಪಡಕೆಗೆ ಒಂದು ದರ, ಹಾಗಿರುವಾಗ ಭೀಷ್ಮನ ಅರ್ಥಗಾರಿಕೆಗೂ ಮೊಬೈಲ್ ರಿಂಗ್‌ಟೋನಿನಂಥ ಪದಕ್ಕೂ ಒಂದೇ ದರ ಕಟ್ಟಿದ ವ್ಯಾಪಾರಿ ಯಾರು? ಅಮ್ಮ ಮಾತಾಡಲಿಲ್ಲ. ಮುಕ್ಕಾಲು ತಾಸಿಗೆ ಹದಿನೈದು ಭಜನೆ ಮುಗಿಸಿ ಶಾಂತವಾಗಿ ಮುನ್ನಡೆ ಸಾಧಿಸಿದಳು. ಅಪ್ಪ ರಾತ್ರಿ ಪಾಳಿ ಶುರು ಮಾಡಿದ್ದು ಆಮೇಲೆಯೇ. ಕ್ಯಾಸೆಟ್ಟುಗಳನ್ನೆಲ್ಲ ಸಾಲಿಗೆ ಹಾಕಿ, ಆರಾಮ ಕುರ್ಚಿಯಲ್ಲಿ ಒರಗಿ, ಮೊದಲ ಪದ್ಯಕ್ಕೇ ನಿದ್ದೆ.

ಇವತ್ತು ಮೀಟಿಂಗ್ ಮುಗಿದದ್ದೇ ಸ್ಕ್ರಾಬಲ್ ಕಿತ್ತೊಗೆಯಲು ಕೆಳಗಿಳಿದೆ. ಅಪ್ಪ ಫೋನಿನಲ್ಲಿದ್ದರು. ಆಚೆ ಕಡೆ ಎದುರುಮನೆ ಮಾವ. ಎರಡು ವರ್ಷದಿಂದ ಬೆಂಗಳೂರಲ್ಲಿ ಮಗನ ಫ್ಲ್ಯಾಟಿನ ಒಂಬತ್ತನೇ ಮಹಡಿಯಲ್ಲಿದ್ದಾರೆ. ಮುಂಚೆ ನಮ್ಮ ಜಗಲಿಯಲ್ಲಿ ರೇಡಿಯೋ ಹಾಕಿದರೆ ಸಾಕು, ಕರೆಯದೆಯೇ ಕವಳದ ಸಂಚಿ ಹಿಡಿದು ಬರುತ್ತಿದ್ದರು. ನನ್ನ ಖಾತೆಯ ಪುಟವನ್ನು ಮೊಮ್ಮಗಳಿಂದ ತೆರೆಸಿಕೊಂಡು ಅಪ್ಪ ರಾತ್ರಿ ಏನು ಹಾಕಿದರೆಂದು ದಿನಾ ನೋಡುತ್ತಾರಂತೆ. ಅದೇ ಕ್ಯಾಸೆಟ್ಟಿನ ಇನ್ನೊಂದು ಪ್ರತಿ ಅವರಲ್ಲೂ ಇದೆ.

“ಬದಿ ಎರಡು ಹಾಕಿದ್ಯಲಾ, ಆ ಕೊನೇ ಮಾತಿದ್ದಲಾ...” ಸ್ಪೀಕರಿನಲ್ಲಿ ಮಾವನ ದನಿ.

“ಹೌದೋ, ಅದೇ ಜಾಗದಲ್ಲಿ ಯಂಗೂ ಕಣ್ಣಲ್ಲಿ ನೀರು ಬಂತು” ಎಂದರು ಅಪ್ಪ.

ಎರಡೂವರೆಗೆ ಎದ್ದು ಬಂದು ಟೀವಿ ಆರಿಸಿದವನು ನಾನು. ಆ ಜಾಗದಲ್ಲಿ ಅವರು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು, ರಿಮೋಟನ್ನು ಎದೆಗವಚಿಕೊಂಡು.